ದುರ್ಬಲ ದೇಹಕ್ಕೆ ಬೂಷ್ಟಿನ ಕಾಟ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಉಪನ್ಯಾಸಕನಾದ ನಾನು ಮನುಷ್ಯರ ರೋಗದ ವಿಷಯ ಎತ್ತಿಕೊಂಡಿರುವುದು ನಿಮಗೆ ಸೋಜಿಗವೆನಿಸಬಹುದು. ಚಿಕಿತ್ಸೆ ವೈದ್ಯರ ಕೆಲಸ. ಆದರೆ ಈ ರೋಗಗಳ ಬೂಷ್ಟು ಬೆಳೆಯುವುದು ನಮ್ಮ ಗೊಬ್ಬರದ ಗುಂಡಿಯಲ್ಲಿ, ಕಣಜದಲ್ಲಿ, ನೆನೆದ ಹುಲ್ಲಿನ ಬಣವೆಯಲ್ಲಿ.

ಹಿಂಗಾರಿ ಜೋಳದ ಇದ್ದಿಲು ಕೊಳೆ ರೋಗ ನಿಮಗೆ ತಿಳಿದದ್ದೇ. ಅದರ ಶಿಲೀಂಧ್ರ ಸದಾ ಮಣ್ಣಿನಲ್ಲೇ ಇರುತ್ತದೆ. ಭೂಮಿಯಲ್ಲಿ ತೇವವಿದ್ದರೆ ಹೆಚ್ಚಿನ ಬಾಧೆಯಿಲ್ಲ. ಹೂವಾಡಿದ ಮೇಲೆ ತೇವ ಆರಿ ಪೈರು ಸೊರಗಿತೆಂದರೆ ಕಾಂಡದೊಳಗೆ ನುಗ್ಗಿ ಬೆಳೆಯನ್ನು ಮಲಗಿಸುತ್ತದೆ. ಮನುಷ್ಯರಲ್ಲೂ ಸೊರಗಿದ ದೇಹವನ್ನೇ ಕಾದು ಹಿಡಿಯುವ ಸೋಂಕುಗಳಿವೆ. ಇವಕ್ಕೆ ಅವಕಾಶವಾದಿ ಸೋಂಕುಗಳೆಂದು ಹೆಸರು.

ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಕ್ಯಾನ್ಸರಿಗೆ ಔಷಧಿ ಪಡೆಯುವವರು, ಮೂತ್ರಪಿಂಡ ಕಸಿಯಾದವರು, ಬಹುಕಾಲ ಸ್ಟೆರಾಯ್ಡ್ ಸೇವಿಸುವವರು, ಚಿಕಿತ್ಸೆ ಪಡೆಯದ ಎಚ್.ಐ.ವಿ. ಸೋಂಕಿತರು - ಇವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ರಾಜ್ಯದಲ್ಲೂ ಕಾಣಿಸಿಕೊಂಡ 'ಕಪ್ಪು ಶಿಲೀಂಧ್ರ' ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ಪಡೆದವರು. ಅದಕ್ಕೆ ಕಾರಣವಾದ ಬೂಷ್ಟು ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ ಇರುವಂಥದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಇನ್ನೊಂದು ಆಸ್ಪರ್ಜಿಲಸ್. ಕಾವೇರಿದ ಕಾಂಪೋಸ್ಟಿನ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಇದರ ಒಂದು ಜಾತಿ ಬೆಳೆಯುತ್ತದೆ. ಇದರ ಬೀಜಕಣ ಮಿಲಿಮೀಟರಿನ ಸಾವಿರದಲ್ಲಿ 2-3 ಪಾಲಿನಷ್ಟೇ. ಗುಂಡಿ ತಿರುವಿದಾಗ ಧೂಳಿನೊಡನೆ ಎದ್ದು ಶ್ವಾಸಕೋಶದ ಒಳತುದಿಗೆ ತಲುಪುತ್ತದೆ. ಗಟ್ಟಿಮುಟ್ಟಾದ ದೇಹ ಅದನ್ನು ಅಲ್ಲೇ ನಾಶಮಾಡುತ್ತದೆ; ದುರ್ಬಲ ದೇಹದಲ್ಲಿ ಅದು ಬೆಳೆಯತೊಡಗುತ್ತದೆ.

ಈಗ ಮುಖ್ಯವಾದ ಮಾತು. ಆಸ್ಪತ್ರೆಯಿಂದ ಬಂದವರಿಗೆ ನಾವು "ಹೊಲದ ಕೆಲಸ ಬೇಡ, ಹಗುರವಾದದ್ದು ಮಾಡಿಕೊಂಡಿರಲಿ" ಎನ್ನುತ್ತೇವೆ. ಕಾಳು ಕೇರುವುದು, ಕಣಜ ಗುಡಿಸುವುದು, ಹಳೆಯ ಹುಲ್ಲು ಕೊಡವುವುದು, ಗೊಬ್ಬರ ಕೆದರುವುದು ಅವರ ಪಾಲಿಗೆ ಬರುತ್ತವೆ. ಮೈಗೆ ಹಗುರವಾದ ಈ ಕೆಲಸಗಳಲ್ಲೇ ಧೂಳು ಹೆಚ್ಚು. ಪ್ರೀತಿಯಿಂದಲೇ ನಾವು ರೋಗಿಯನ್ನು ಬೂಷ್ಟಿನ ನಡುವೆ ಕೂರಿಸಿದಂತಾಗುತ್ತದೆ. ಆದ್ದರಿಂದ ಈ ಕ್ರಮಗಳನ್ನು ಪಾಲಿಸಿ:

1. ಧೂಳಿನ ಕೆಲಸಗಳನ್ನು ಮನೆಯ ಆರೋಗ್ಯವಂತರೇ ಮಾಡಲಿ. ಆ ಹೊತ್ತಿನಲ್ಲಿ ರೋಗಿ ದೂರವಿರಲಿ.

2. ಗೊಬ್ಬರ ತಿರುವುವ ಮೊದಲು ನೀರು ಚಿಮುಕಿಸಿ. ಹೆಗಲ ಮೇಲಿನ ಟವೆಲು ಬೀಜಕಣವನ್ನು ತಡೆಯದು. ಎನ್-95 ಮುಖಗವಸು ಬಳಸಿ.

3. ಜೋಳ, ರಾಗಿಯಂಥ ಕಾಳುಗಳನ್ನು ತೇವಾಂಶ ಶೇ. 12ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ ತುಂಬಿ.

4. ವೈದ್ಯರ ಚೀಟಿಯಿಲ್ಲದೆ ಸ್ಟೆರಾಯ್ಡ್ ನುಂಗಬಾರದು. ಬರೆದುಕೊಟ್ಟದ್ದನ್ನು ತಾವಾಗಿಯೇ ನಿಲ್ಲಿಸಲೂ ಕೂಡದು. ಸಕ್ಕರೆ ಹತೋಟಿಯಲ್ಲಿರಲಿ. ಎಚ್.ಐ.ವಿ. ಸೋಂಕಿತರಿಗೆ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿ ಉಚಿತ.

5. ಬಿಡದ ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಮುಖದ ಒಂದೇ ಪಕ್ಕದಲ್ಲಿ ನೋವು ಅಥವಾ ಊತ, ಮೂಗಿನಿಂದ ಕಪ್ಪು ಸ್ರಾವ, ಎರಡೆರಡಾಗಿ ಕಾಣುವುದು - ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ವೈದ್ಯರು ಕೇಳದಿದ್ದರೂ ನುಂಗುವ ಮಾತ್ರೆಗಳನ್ನು ತೋರಿಸಿ, ಗೊಬ್ಬರ, ಹುಲ್ಲು, ಕಣಜದ ಕೆಲಸ ಮಾಡಿದ್ದರೆ ಅದನ್ನೂ ಹೇಳಿ. ರೋಗವನ್ನು ಬೇಗ ಗುರುತಿಸಲು ಅದು ನೆರವಾಗುತ್ತದೆ. ಈ ಸೋಂಕುಗಳಲ್ಲಿ ತಡಮಾಡಿದಷ್ಟೂ ಜೀವಕ್ಕೆ ಅಪಾಯ ಹೆಚ್ಚು.

ಇಂದು ಮನೆಗೆ ಹೋದ ಕೂಡಲೇ, ನಿಮ್ಮಲ್ಲಿ ಕಣಜ ಗುಡಿಸುವವರು ಯಾರೆಂದು ಒಮ್ಮೆ ವಿಚಾರಿಸಿ ನೋಡಿ.