ಆಶಾ ಅಕ್ಕನ ಮೊಬೈಲು ತುಂಬಿದಾಗ

(ಲಿಂಗರಾಜಪುರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಬಡ್ಡಿ ಇವುಗಳ ಲೆಕ್ಕ ನಮಗೆಲ್ಲ ಬಾಯಿಪಾಠ. ಇವತ್ತು ಇನ್ನೊಂದು ಲೆಕ್ಕ ಮಾತಾಡೋಣ. ನಮ್ಮ ಬೀದಿಗೆ ಬರುವ ಆಶಾ ಅಕ್ಕನ ಮೊಬೈಲಿಗೆ ದಿನಕ್ಕೆ ಎಷ್ಟು ಮೆಸೇಜು ಬರುತ್ತವೆ, ಯಾರಾದ್ರೂ ಕೇಳಿದ್ದೀರಾ?

ಗರ್ಭಿಣಿಯರ ಪಟ್ಟಿ, ಮಕ್ಕಳ ಲಸಿಕೆ ಪಟ್ಟಿ, ಕ್ಷಯರೋಗಿಗಳ ಪಟ್ಟಿ, ಡೆಂಗಿ ಸರ್ವೆ, ಬಿ.ಪಿ. ಶುಗರ್ ಸರ್ವೆ. ಪುಸ್ತಕದಲ್ಲೂ ಬರೀಬೇಕು, ಮೊಬೈಲಿನಲ್ಲೂ ತುಂಬಬೇಕು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಮ್ಮ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಗೌರವಧನ ಹೆಚ್ಚಿಸಿ ಎಂಬುದು ಮುಖ್ಯ ಬೇಡಿಕೆ. ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ದಾಖಲಾಗದೆ ಹಣ ಕೈತಪ್ಪುತ್ತದೆ ಎಂಬ ದೂರೂ ಅದರ ಜೊತೆಗಿತ್ತು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಎಂಟು ತಿಂಗಳ ಗರ್ಭಿಣಿಯೊಬ್ಬಳಿಗೆ ಮುಖ, ಕೈಕಾಲು ಊದಿ ವಿಪರೀತ ತಲೆನೋವು ಎಂದು ನಮಗೆ ತಿಳಿಯಿತು. ವಾಟ್ಸಾಪ್ ಗುಂಪಿಗೆ ಮೆಸೇಜು ಹಾಕಿ, ನಮ್ಮ ಕೆಲಸ ಮುಗೀತು ಅಂದುಕೊಂಡೆವು. ನರ್ಸಮ್ಮ ಅದನ್ನು ನೋಡಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಬಿ.ಪಿ. ತುಂಬಾ ಏರಿತ್ತು. ತಾಯಿ, ಮಗು ಇಬ್ಬರೂ ಉಳಿದರು, ಆದರೆ ಕೂದಲೆಳೆಯಲ್ಲಿ. ಮೊದಲು ನರ್ಸಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ಮೊಬೈಲು ತೆಗೆದು ನೋಡಿದರೆ, ನಮ್ಮ ಆ ಮೆಸೇಜಿನ ಮೇಲೆ ಶುಭೋದಯ, ಹುಟ್ಟುಹಬ್ಬ, ಮನೆಮದ್ದು, ಸುತ್ತೋಲೆ ಎಲ್ಲ ಬಂದು ಬಿದ್ದಿದ್ದವು. ಮನೆಮದ್ದು ಕಳಿಸಿದವರು ನಾವೇ!

ಮಾಹಿತಿ ಬೇಡ ಅಂತಲ್ಲ. ಬೇಕಾದದ್ದು ಬೇಕಾದ ಹೊತ್ತಿಗೆ ಕಣ್ಣಿಗೆ ಬೀಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಕೋಣೆಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿತು. ಹೆಸರು ಸರಿಯೇ, ಯಾವ ಜಾಗ ಕೊಯ್ಯಬೇಕು, ಅಲರ್ಜಿ ಇದೆಯೇ, ಇಂಥವು. ಎಲ್ಲರೂ ನಿಂತು ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ದಪ್ಪ ಪುಸ್ತಕ ಓದಿದ ಡಾಕ್ಟರಿಗೂ ಒಂದು ಹಾಳೆ ಬೇಕಾಯಿತು, ನೋಡಿ.

ಹಾಗಾದರೆ ನಾವೇನು ಮಾಡಬಹುದು?

1. ಆರೋಗ್ಯದ ಗುಂಪಿನಲ್ಲಿ ಆರೋಗ್ಯದ ವಿಷಯ ಮಾತ್ರ. ಶುಭಾಶಯಕ್ಕೆ ಬೇರೆ ಗುಂಪು ಇರಲಿ.

2. ತುರ್ತು ವಿಷಯಕ್ಕೆ ಮೆಸೇಜು ಸಾಲದು, ಫೋನು ಮಾಡಿ. ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. 108ಕ್ಕೆ ಕರೆ ಮಾಡಿ.

3. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡು, ಹಳೇ ಚೀಟಿ, ನುಂಗುತ್ತಿರುವ ಮಾತ್ರೆ ಜೊತೆಗಿರಲಿ. ಅವರು ಹುಡುಕುವ ಹೊತ್ತು ಉಳಿಯುತ್ತದೆ.

4. ಪ್ರತಿ ಸಂಘದಿಂದ ಒಬ್ಬ ಪ್ರತಿನಿಧಿ ಮಾತ್ರ ಆಶಾ ಅಕ್ಕನಿಗೆ ಸುದ್ದಿ ಮುಟ್ಟಿಸಲಿ. ಹತ್ತು ಜನ ಹತ್ತು ಥರ ಹೇಳುವುದು ಬೇಡ.

ಪಟ್ಟಿ ತುಂಬುವುದರಲ್ಲೇ ಅವರ ಕಣ್ಣು ಮೊಬೈಲಿನ ಮೇಲಿದ್ದರೆ, ನಮ್ಮ ಮುಖ ನೋಡುವುದು ಯಾವಾಗ? ಅವರ ಹೊರೆ ಪೂರ್ತಿ ಇಳಿಸುವುದು ಸರ್ಕಾರದ ಕೆಲಸ, ಅದನ್ನು ಕೇಳೋಣ. ನಾವು ಹೊರಿಸಿದ್ದನ್ನು ಇವತ್ತೇ ಇಳಿಸೋಣ. ಈ ನಾಲ್ಕು ಮಾತನ್ನು ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ. ಮುಂದಿನ ತಿಂಗಳು ಬಂದಾಗ ಕೇಳುತ್ತೇವೆ.