ಪರದೇಶದ ಹಬ್ಬಕ್ಕೆ ನಮ್ಮ ಬುತ್ತಿ

ಅಮೆರಿಕಕ್ಕೆ ಹೊಸದಾಗಿ ಹೋದ ನಮ್ಮ ಸಂಸಾರಗಳು ಅಲ್ಲಿಯ ಹಬ್ಬವನ್ನು ಹೆಂಗ ಮಾಡುತ್ತವೆ ಎಂಬ ವಿಷಯವನ್ನು ಈ ಯಮನೂರಿನಲ್ಲಿ ಮಾತಾಡಬೇಕೇ ಎಂದು ಒಬ್ಬರು ನಕ್ಕರು. ನನಗಂತೂ ಇದಕ್ಕಿಂತ ತಕ್ಕ ಊರು ಕಾಣಲಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಬೆಣ್ಣಿಹಳ್ಳದಲ್ಲಿ ಮಿಂದು ಬರುವ ಮಂದಿಯಲ್ಲಿ ಹಿಂದೂಗಳಿಗೆ ಇಲ್ಲಿಯ ದೇವರು ಚಾಂಗದೇವ, ಮುಸಲ್ಮಾನರಿಗೆ ರಾಜಾಬಾಗಸವಾರ. ಜಾತ್ರೆ ಮಾತ್ರ ಒಂದೇ. ಇನ್ನೊಬ್ಬರ ದೇವರಿಗೆ ಸಕ್ಕರೆ ಓದಿಸಿದರೆ ತನ್ನ ದೇವರು ಮುನಿಯುತ್ತಾನೆಂಬ ಭಯ ಇಲ್ಲಿ ಬೆಳೆದವರಿಗಿಲ್ಲ.

ನವಲಗುಂದ ಕಡೆಯ ಹುಡುಗರು ಕಂಪ್ಯೂಟರ್ ಕಲಿತು, ಹೆಂಡತಿ-ಮಕ್ಕಳೊಂದಿಗೆ ಅಮೆರಿಕ ಸೇರಿದ ಮೊದಲ ವರ್ಷ ಎದುರಾಗುವ ದೊಡ್ಡ ಹಬ್ಬ ಥ್ಯಾಂಕ್ಸ್‌ಗಿವಿಂಗ್. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ. 1863ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ದೇಶಕ್ಕೆಲ್ಲ ಸಾರಿದ. ಈಗಿನ ಗುರುವಾರ ಕಾಯ್ದೆಯಾದದ್ದು 1941ರಲ್ಲಿ. ಅಂದು ಅಂಗಡಿ ಮುಚ್ಚಿ, ಓಣಿ ಬಿಕೋ ಅನ್ನುತ್ತದೆ. ಯಾರೂ ಕರೆಯದಿದ್ದರೆ ಹೊಸ ಸಂಸಾರ ಕಿಟಕಿಯಲ್ಲಿ ನಿಂತು ಪಕ್ಕದ ಮನೆಯ ಮುಂದಿನ ಕಾರುಗಳನ್ನು ಎಣಿಸಬೇಕು.

ಕರೆ ಬಂತು ಅನ್ನಿ. ಹೋಗಬೇಕಾದವರು ಲಿಂಗಾಯತರು, ಕರೆದವರ ಮೇಜಿನ ನಡುವೆ ಸುಟ್ಟ ಟರ್ಕಿ ಕೋಳಿ! ಹೋಗದೇ ಇರುವುದು ಸುಲಭ. ಹೋಗುವುದೇ ಒಳ್ಳೆಯದು ಎಂಬುದು ನನ್ನ ಮಾತು. “ನಾವು ಮಾಂಸ ಉಣ್ಣೂದಿಲ್ಲ” ಎಂದು ಮುಂಚೆಯೇ ಫೋನಿನಲ್ಲಿ ತಿಳಿಸಬೇಕು. ಬ್ರೆಡ್ಡಿನ ಪಲ್ಯದಂತೆ ಕಾಣುವ ಸ್ಟಫಿಂಗ್‌ನಲ್ಲಿ ಕೋಳಿಯ ರಸ ಇರಬಹುದು, ಕೇಳಿಯೇ ಬಡಿಸಿಕೊಳ್ಳಬೇಕು. ಆಲೂಗಡ್ಡೆ, ಗೋವಿನಜೋಳ, ಕುಂಬಳದ ಪೈ ಹೇಗೂ ಇರುತ್ತವೆ. ಬರಿಗೈಲೆ ಮಾತ್ರ ಹೋಗಬಾರದು. ನನಗೆ ಗೊತ್ತಿರುವ ಒಬ್ಬ ತಾಯಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಅಲ್ಯೂಮಿನಿಯಂ ತಾಟಿನಲ್ಲಿ ಬಿಸಿಯಾಗಿ ಒಯ್ದಳು. ಖಾರಕ್ಕೆ ಆ ಮನೆಯ ಅಜ್ಜನ ಕಣ್ಣಾಗ ನೀರು ಬಂತು, ಆದರೂ ಎರಡನೆಯ ಸಲ ಹಾಕಿಸಿಕೊಂಡ. ಉಂಡ ಮೇಲೆ ಆಕೆ ಒಳಗೆ ಹೋಗಿ ತಾಟು ತೊಳೆಯಲು ನಿಂತಳು. ಅಲ್ಲಿಂದ ಆಕೆ ಅತಿಥಿಯಾಗಿ ಉಳಿಯಲಿಲ್ಲ.

ಈ ಹಬ್ಬ ನಮಗೆ ದೂರದ್ದೂ ಅಲ್ಲ. ಶೀಗಿ ಹುಣ್ಣಿಮೆಗೆ ಚಕ್ಕಡಿ ಹೂಡಿ, ಹೋಳಿಗೆ, ಕಡಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತೇವಲ್ಲ, ಬೆಳೆಯ ಋಣ ನೆನೆಯುವುದೇ ಅಲ್ಲಿಯೂ ನಡೆಯುತ್ತದೆ. ನಾವು ಕುಟ್ಟುವ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕ ಖಂಡವೇ. ಪೋರ್ಚುಗೀಸರ ಕೈಯಿಂದ ಇತ್ತ ಬಂದದ್ದು. ಆ ತಾಯಿ ಒಯ್ದ ಖಾರ ಒಂದರ್ಥದಲ್ಲಿ ತವರಿಗೇ ಹೋದಂತಾಯಿತು.

ಆದರೆ ಹಬ್ಬದ ಕಥೆಯನ್ನು ಪೂರ್ತಿ ತಿಳಿದು ಮಾಡಬೇಕು. 1621ರಲ್ಲಿ ಪ್ಲಿಮತ್‌ನಲ್ಲಿ ಹೊಸದಾಗಿ ಬಂದ ಇಂಗ್ಲಿಷರ ಜೊತೆ ಕುಳಿತು ಉಂಡವರು ಆ ನೆಲದ ವಾಂಪನೋಗ್ ಜನ. ಗೋವಿನಜೋಳ ಬಿತ್ತುವುದನ್ನು ಬಂದವರಿಗೆ ಕಲಿಸಿದ್ದೂ ಅಲ್ಲಿಯ ಮೂಲ ಜನರೇ. ಮುಂದೆ ಅವರ ನೆಲವೇ ಹೋಯಿತು. 1970ರಿಂದ ಅದೇ ಊರಿನಲ್ಲಿ ಅದೇ ಗುರುವಾರ ಮೂಲನಿವಾಸಿಗಳು ಶೋಕದ ದಿನ ಆಚರಿಸುತ್ತಾರೆ. ಶಾಲೆಯಿಂದ ಕಾಗದದ ಟರ್ಕಿ ಕತ್ತರಿಸಿಕೊಂಡು ಬರುವ ನಮ್ಮ ಮೊಮ್ಮಕ್ಕಳಿಗೆ ಇದನ್ನೂ ಹೇಳಬೇಕು. ಹೇಳಿದರೆ ಹಬ್ಬ ಕೆಡುವುದಿಲ್ಲ.

ಇಷ್ಟೆಲ್ಲ ಕೇಳಿ, ಮಗನಿಗೆ ಫೋನಿನಲ್ಲಿ ಬುದ್ಧಿ ಹೇಳಿ ಸುಮ್ಮನಾಗಬೇಡಿ. ನಮ್ಮ ತಾಲೂಕಿನ ಬ್ಯಾಂಕುಗಳಿಗೆ ಕನ್ನಡ ಬಾರದ ಸಂಸಾರಗಳು ವರ್ಗವಾಗಿ ಬರುತ್ತವೆ, ಕಟ್ಟಡದ ಕೆಲಸಕ್ಕೆ ಬಿಹಾರದವರು ಬರುತ್ತಾರೆ. ಬರುವ ಶೀಗಿ ಹುಣ್ಣಿಮೆಗೆ ಅವರಲ್ಲಿ ಒಂದು ಮನೆಯವರನ್ನಾದರೂ ಚಕ್ಕಡಿ ಹತ್ತಿಸಿಕೊಂಡು ಹೊಲಕ್ಕೆ ಕರೆದೊಯ್ಯಿರಿ. ಚರಗ ಚೆಲ್ಲಲು ಅವರ ಕೈಗೂ ಒಂದು ಬುಟ್ಟಿ ಕೊಡಿ.