ತಾಲೀಮು ಮತ್ತು ಉಸ್ತಾದ್
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಭಾಗದ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡ ಸತತವಾಗಿ ಸೋಲುತ್ತಿದೆ. ಯಾರನ್ನು ತರಬೇತುದಾರರನ್ನಾಗಿ ನೇಮಿಸಬೇಕೆಂದು ಹಿರಿಯರಲ್ಲಿ ಚರ್ಚೆ ನಡೆದಿದೆ. ಬೆಂಗಳೂರಿನಿಂದ ಹೆಸರಾಂತ ಮಾಜಿ ಆಟಗಾರರೊಬ್ಬರನ್ನು ಭಾನುವಾರಗಳಂದು ಕರೆಸೋಣ ಎಂದು ಕೆಲವರು ಹೇಳುತ್ತಾರೆ. ದಿನವೂ ಮೈದಾನದಲ್ಲಿರುವ ದೈಹಿಕ ಶಿಕ್ಷಣ ಶಿಕ್ಷಕರಿಗೇ ವಹಿಸೋಣ ಎಂದು ಕೆಲವರು ಹೇಳುತ್ತಾರೆ. ನಾನು ಎರಡನೆಯ ಪಕ್ಷದವನು.

ದೊಡ್ಡ ಆಟಗಾರರು ಬಂದರೆ ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ, ಹೊಸ ಪಟ್ಟುಗಳು ತಿಳಿಯುತ್ತವೆ. ಇದನ್ನು ಒಪ್ಪುತ್ತೇನೆ. ಆದರೆ ಆಟ ಬಲ್ಲವರೆಲ್ಲ ಆಟ ಕಲಿಸಬಲ್ಲರೇ? ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಕಂಡುಹಿಡಿದವರು ಅಮೆರಿಕದಲ್ಲಿ ದೈಹಿಕ ಶಿಕ್ಷಣ ಬೋಧಕರಾಗಿದ್ದ ಜೇಮ್ಸ್ ನೈಸ್ಮಿತ್. ಮುಂದೆ ಅವರು ಕ್ಯಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು. ಗೆದ್ದದ್ದು 55 ಪಂದ್ಯ, ಸೋತದ್ದು 60! ಅದೇ ತಂಡವನ್ನು ಎತ್ತರಕ್ಕೆ ಒಯ್ದವರು ಅವರ ಶಿಷ್ಯ ಫಾಗ್ ಆಲೆನ್. ಅವರು ದಶಕಗಳ ಕಾಲ ಅಲ್ಲಿಯೇ ನಿಂತು ಹುಡುಗರನ್ನು ತಿದ್ದಿದರು.

ಇನ್ನು ನಮ್ಮ ದೇಶದ ಉದಾಹರಣೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು ವೃತ್ತಿಯಿಂದ ಶಾಲಾ ಶಿಕ್ಷಕರು. ಅವರ ತರಬೇತಿಯಲ್ಲಿ ಭಾರತ ಫುಟ್‌ಬಾಲ್ ತಂಡ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅಂಥ ಸೋಲಿನ ನಂತರವೂ ರಹೀಂ ಸಾಹೇಬರಿಗೆ ಕೆಲಸ ಮುಂದುವರಿಸಲು ಅವಕಾಶ ದೊರೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ರಾಜ್ಯದ ಕೆಂಪಯ್ಯನವರೂ ಇದ್ದರು. 1962ರಲ್ಲಿ ಕ್ಯಾನ್ಸರ್‌ನಿಂದ ಬಳಲುತ್ತಿದ್ದಾಗಲೂ ಸಾಹೇಬರು ಜಕಾರ್ತಾದಲ್ಲಿ ತಂಡಕ್ಕೆ ಮತ್ತೆ ಚಿನ್ನ ಗೆಲ್ಲಿಸಿಕೊಟ್ಟರು. ಮರುವರ್ಷ ತೀರಿಕೊಂಡರು. 10-1ರ ದಿನವೇ ಅವರನ್ನು ಮನೆಗೆ ಕಳುಹಿಸಿದ್ದರೆ ಈ ಇತಿಹಾಸ ಎಲ್ಲಿರುತ್ತಿತ್ತು?

ನಮ್ಮ ಪರಿಸ್ಥಿತಿಯನ್ನೂ ನೋಡಿ. ಆಟಗಾರರಲ್ಲಿ ಹೆಚ್ಚಿನವರು ಹಳ್ಳಿಯ ಮಕ್ಕಳು. ಸಂಜೆ ಕೊನೆಯ ಬಸ್ಸು ತಪ್ಪಿದರೆ ಊರು ಸೇರುವಂತಿಲ್ಲ. ಭಾನುವಾರ ಮನೆಯಲ್ಲಿ ಹೊಲದ ಕೆಲಸ ಇಲ್ಲವೇ ಅಂಗಡಿಯ ಕೆಲಸ ಕಾದಿರುತ್ತದೆ. ಯಾವ ಹುಡುಗ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾನೆ, ಯಾವ ಹುಡುಗಿಯ ತಂದೆಯನ್ನು ಮನೆಗೆ ಹೋಗಿ ಒಪ್ಪಿಸಬೇಕು ಎಂಬುದು ದಿನವೂ ಜೊತೆಯಲ್ಲಿರುವವರಿಗೆ ಮಾತ್ರ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಭಾವನೆ ನಮ್ಮಲ್ಲಿದೆ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಮಧುಗಿರಿ ಬೆಟ್ಟ ಹತ್ತಿದ ನಮಗೆ ಅದರ ಅರ್ಥ ವಿವರಿಸಬೇಕಾಗಿಲ್ಲ!

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯಾಭ್ಯಾಸ. ಅದೇ ಪದ ಕನ್ನಡಕ್ಕೆ ಬಂದು ಗರಡಿಯ, ನಾಟಕದ 'ತಾಲೀಮು' ಆಯಿತು, ಅಂದರೆ ದಿನನಿತ್ಯದ ಅಭ್ಯಾಸ. ಎರಡೂ ಅರ್ಥ ಕೂಡಿದರೆ ಒಳ್ಳೆಯ ಉಸ್ತಾದ್ ಸಿಗುತ್ತಾರೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಹೆಸರಾಂತ ಆಟಗಾರರನ್ನು ಬೇಸಿಗೆ ಶಿಬಿರಕ್ಕೆ ಗೌರವದಿಂದ ಕರೆಸೋಣ. ತಂಡವನ್ನು ನಮ್ಮ ಶಿಕ್ಷಕರಿಗೆ ಒಪ್ಪಿಸಿ, ಮೂರು ವರ್ಷ ಕಾಲಾವಕಾಶ ಕೊಡೋಣ. ಚೆಂಡು, ಬೂಟು, ಬಸ್ಸಿನ ಖರ್ಚಿಗೆ ಸಂಘ ನೆರವಾಗಲಿ. ವಿದ್ಯಾರ್ಥಿಗಳೇ, ನೀವು ತಾಲೀಮು ತಪ್ಪಿಸಬೇಡಿ.